'ಸ್ವಲ್ಪ ಅಡ್ಜಸ್ಟ್ ಮಾಡಿ' ಅಂದಾಗ ಏನು ಮಾಡಬೇಕು? ಪ್ರಾಮಾಣಿಕವಾಗಿ ತಂಡ ನಡೆಸಲು ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು 'ಸ್ವಲ್ಪ ಅಡ್ಜಸ್ಟ್ ಮಾಡಿ'. ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡುವಾಗ ಈ ಮಾತು ಎಷ್ಟು ಚೆಂದ! ಅದೇ ಮಾತು ಇನ್‌ಸ್ಪೆಕ್ಷನ್ ರಿಪೋರ್ಟ್ ಮುಂದೆ, ಟೈಮ್‌ಶೀಟ್ ಮುಂದೆ, ತಿಂಗಳ ಕೊನೆಯ ಸೇಲ್ಸ್ ಲೆಕ್ಕದ ಮುಂದೆ ಬಂದಾಗ ಎದೆ ಧಸಕ್ ಅನ್ನುತ್ತದೆ.

ನಾನು ಪೀಣ್ಯದ ಮೆಷಿನ್ ಶಾಪ್‌ಗಳ ಕ್ವಾಲಿಟಿ ವಿಭಾಗದಲ್ಲಿ 22 ವರ್ಷ ದುಡಿದಿದ್ದೇನೆ. ಅದರಲ್ಲಿ 14 ವರ್ಷ ಬೇರೆಯವರ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ಇತ್ತು. ಶುರುವಿನಲ್ಲಿ ನಾನು ಸುಳ್ಳು ಹೇಳದಿದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು ಅಂತ ಆಮೇಲೆ ಗೊತ್ತಾಯಿತು. ನಮ್ಮ ಕೈಕೆಳಗೆ ದುಡಿಯುವವರಿಗೆ ನಮ್ಮ ಹತ್ತಿರ ಸುಳ್ಳು ಹೇಳುವ ಪರಿಸ್ಥಿತಿ ಬರದ ಹಾಗೆ ನೋಡಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು. ಹೊಸದಾಗಿ ಟೀಮ್ ಲೀಡ್ ಆದವರು, ಸೂಪರ್‌ವೈಸರ್‌ಗಳು, ಹತ್ತು ಜನರನ್ನು ಇಟ್ಟುಕೊಂಡು ಸಣ್ಣ ಉದ್ಯಮ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ನಿಮ್ಮ ಗೆರೆ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳಿ

ಮೌಲ್ಯಗಳು ಅಂದ ತಕ್ಷಣ ಎಲ್ಲರೂ ದೊಡ್ಡ ಪದಗಳನ್ನು ಬರೆಯುತ್ತಾರೆ. ಸತ್ಯ, ಪಾರದರ್ಶಕತೆ, ಗೌರವ. ಇವು ಕಂಪನಿಯ ರಿಸೆಪ್ಷನ್ ಗೋಡೆ ಮೇಲೂ ಇರುತ್ತವೆ. ಶನಿವಾರ ರಾತ್ರಿ ಎಂಟಕ್ಕೆ ಲಾರಿ ಹೊರಡಬೇಕು, ಮಾಲು ಸರಿ ಇಲ್ಲ ಅನ್ನುವಾಗ ಈ ಪದಗಳು ಕೈಗೆ ಸಿಗುವುದಿಲ್ಲ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕೆಲಸಕ್ಕೆ ಸೇರಿದಾಗಿನಿಂದ ನಿಮ್ಮ ನಿದ್ದೆ ಕೆಡಿಸಿದ ಮೂರು ಘಟನೆ ಬರೆಯಿರಿ. ಯಾರು ಏನು ಹೇಳಿದರು, ನೀವು ಏನು ಮಾಡಿದಿರಿ, ಏನು ಮಾಡಬೇಕಿತ್ತು ಅನಿಸುತ್ತಿದೆ. ಆಮೇಲೆ ನೆನೆದರೆ ಮನಸ್ಸಿಗೆ ಹಿತ ಅನಿಸುವ ಎರಡು ಘಟನೆ. ಪ್ರತಿ ಘಟನೆಯ ಕೆಳಗೆ 'ನಾನು' ಅಂತ ಶುರುವಾಗುವ ಒಂದು ಸಾಲು ಬರೆಯಿರಿ. ಮಾಡುತ್ತೇನೆ ಅಥವಾ ಮಾಡುವುದಿಲ್ಲ ಅಂತ ಮುಗಿಯಬೇಕು. ನನ್ನ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಉಳಿದವು:

ನಾನು ನೋಡದ ಅಳತೆಗೆ ಸಹಿ ಹಾಕುವುದಿಲ್ಲ.
ತಡ ಆಗುತ್ತದೆ ಅಂತ ಗೊತ್ತಾದ ದಿನವೇ ನಾನು ಗ್ರಾಹಕರಿಗೆ ಹೇಳುತ್ತೇನೆ.
ನೆಂಟರನ್ನು ಕೆಲಸಕ್ಕೆ ಸೇರಿಸಲು ನಾನು ಶಿಫಾರಸು ಮಾಡುವುದಿಲ್ಲ.
ನಾನು ಯಾರನ್ನೂ ಎಲ್ಲರ ಮುಂದೆ ಬೈಯುವುದಿಲ್ಲ.

ಕೊನೆಯ ಸಾಲು ತಡವಾಗಿ ಸೇರಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಐದು ಸಾಲಿಗಿಂತ ಜಾಸ್ತಿ ಬೇಡ, ನೆನಪಿರುವುದಿಲ್ಲ. ಇನ್ನೊಂದು ಮಾತು. ನಿಮ್ಮ ಅಭ್ಯಾಸವನ್ನು ಮೌಲ್ಯ ಅಂತ ಬರೆಯಬೇಡಿ. ನನಗೆ ಬೆಳಗ್ಗೆ ಏಳಕ್ಕೇ ಬರುವ ಅಭ್ಯಾಸ. ಒಂಬತ್ತಕ್ಕೆ ಬರುವವರು ಅಪ್ರಾಮಾಣಿಕರು ಅಂತ ಬಹಳ ಕಾಲ ಒಳಗೊಳಗೇ ಅಂದುಕೊಂಡಿದ್ದೆ. ಅದು ನನ್ನ ತಪ್ಪು.

2. ಸಂದರ್ಭ ಬರುವ ಮೊದಲೇ ಹೇಳಿಬಿಡಿ

ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾಗುವ ಮೊದಲು ಬಂಧುಬಳಗವನ್ನು ಕರೆಸಿ, ಯಾರೂ ತಮ್ಮ ಹತ್ತಿರ ಶಿಫಾರಸಿಗೆ ಬರಬಾರದು ಅಂತ ಮಾತು ತೆಗೆದುಕೊಂಡರು ಎಂದು ಹೇಳುತ್ತಾರೆ. ಇಲ್ಲಿ ನನಗೆ ಮುಖ್ಯ ಅನಿಸುವುದು 'ಮೊದಲು' ಅನ್ನುವ ಪದ. ಅಧಿಕಾರ ಕೈಗೆ ಬಂದು, ಅಣ್ಣನ ಮಗ ರೆಸ್ಯೂಮೆ ಹಿಡಿದು ಬಾಗಿಲಲ್ಲಿ ನಿಂತ ಮೇಲೆ ನಿಯಮ ಹೇಳಿದರೆ ಅದು ಅವನೊಬ್ಬನಿಗೆ ಮಾಡಿದ ಅವಮಾನದ ಹಾಗೆ ಕಾಣುತ್ತದೆ. ಮೊದಲೇ ಹೇಳಿದ್ದರೆ ಅದು ಎಲ್ಲರಿಗೂ ಒಂದೇ.

ಹೊಸ ತಂಡ ಸಿಕ್ಕ ಮೊದಲ ವಾರದಲ್ಲೇ ಹತ್ತು ನಿಮಿಷ ಕೂರಿಸಿಕೊಂಡು ಹೇಳಿ. ಭಾಷಣ ಬೇಡ. 'ನನ್ನಿಂದ ನೀವು ಇಷ್ಟನ್ನು ನಿರೀಕ್ಷೆ ಮಾಡಬಹುದು, ಇವನ್ನು ನನ್ನ ಹತ್ತಿರ ಕೇಳಬೇಡಿ. ನಾನೇ ತಪ್ಪಿದರೆ ಮುಖಕ್ಕೇ ಹೇಳಿ.' ಇಷ್ಟು ಸಾಕು. ನಿಮ್ಮ ಮೇಲಿನವರಿಗೂ ಇದೇ ಮಾತು, ಸ್ವಲ್ಪ ಮೆತ್ತಗೆ, ಎಲ್ಲ ಚೆನ್ನಾಗಿ ನಡೆಯುತ್ತಿರುವ ದಿನ ಹೇಳಿಬಿಡಿ.

3. ಸಣ್ಣ ಲೆಕ್ಕಗಳಿಂದ ಶುರು ಮಾಡಿ

12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ವಾಪಸ್ ಸುರಿದು ಬನ್ನಿ ಅಂದಳು. ಇದನ್ನು ಆಫೀಸಿಗೆ ತಂದು ನೋಡಿ. ಆಟೋಗೆ 180 ಕೊಟ್ಟು 250 ಅಂತ ಬರೆಯುವ ಬಿಲ್. ಇರದ ಬಾಡಿಗೆ ಮನೆಗೆ ರಸೀದಿ ಕೊಟ್ಟು ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ತೆಗೆದುಕೊಳ್ಳುವುದು. ಬಾಡಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಆಗ ಪ್ಯಾನ್ ಹುಡುಕಿಕೊಂಡು ನೆಂಟರಿಗೆ ಫೋನ್ ಹೋಗುತ್ತದೆ. ಎರಡು ಗಂಟೆ ಕೆಲಸಕ್ಕೆ ಎಂಟು ಗಂಟೆ ಬರೆದ ಟೈಮ್‌ಶೀಟ್ ಕೂಡ ಇದೇ ಸಾಲಿಗೆ ಸೇರುತ್ತದೆ.

ತಂಡದವರು ಇದನ್ನೆಲ್ಲ ನೋಡುತ್ತಿರುತ್ತಾರೆ. ಅದಕ್ಕಿಂತ ಕೆಟ್ಟದ್ದು ಅವರ ಬಾಯಲ್ಲಿ ಸುಳ್ಳು ಹೇಳಿಸುವುದು. 'ಸಾರ್ ಮೀಟಿಂಗ್‌ನಲ್ಲಿದ್ದಾರೆ ಅಂತ ಹೇಳಿಬಿಡು.' ಎಷ್ಟು ಸಣ್ಣ ಮಾತು ಅಲ್ವಾ? ಆದರೆ ಆ ಹುಡುಗಿಗೆ ಅವತ್ತು ನೀವು ಕೆಲಸದ ಒಂದು ಭಾಗವಾಗಿ ಸುಳ್ಳನ್ನು ಕಲಿಸಿದಿರಿ. 'ಅವರು ಈಗ ಮಾತಾಡೋಕೆ ಆಗಲ್ಲ, ನಾಲ್ಕಕ್ಕೆ ಫೋನ್ ಮಾಡ್ತಾರೆ' ಅಂದರೆ ಏನೂ ನಷ್ಟವಿಲ್ಲ. ಹೇಳಿದ ಮೇಲೆ ನಾಲ್ಕಕ್ಕೆ ಫೋನ್ ಮಾಡಿ.

4. ಕೆಟ್ಟ ಸುದ್ದಿ ನಿಮ್ಮ ತನಕ ಬರುವ ದಾರಿ ತೆರೆದಿಡಿ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಾನು ಕಲಿತದ್ದೆಲ್ಲ ಇಲ್ಲೇ.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಬುಷ್ ಅನ್ನುವ ಸಣ್ಣ ಕೊಳವೆ ಕೂರಿಸಲು 25 ಮಿಲಿಮೀಟರ್ ಬೋರ್, ಅಂದರೆ ದುಂಡು ರಂಧ್ರ, ಇದ್ದ ಒಂದು ಹೌಸಿಂಗ್ (ಹೊರಕವಚದ ಭಾಗ) ಮಾಡುತ್ತಿದ್ದೆವು. ಡ್ರಾಯಿಂಗ್‌ನಲ್ಲಿ ಎಚ್7 ಅಂತಿತ್ತು. ಅಂದರೆ ಬೋರ್ 25ಕ್ಕಿಂತ ಕಡಿಮೆ ಇರಬಾರದು, 25.021 ದಾಟಬಾರದು. ಇದನ್ನು ನೋಡಲು ಪ್ಲಗ್ ಗೇಜ್ ಇರುತ್ತದೆ. ಒಂದು ತುದಿ 'ಗೋ', ಇನ್ನೊಂದು 'ನೋ ಗೋ'. ಗೋ ತುದಿ ಬೋರ್ ಒಳಗೆ ಹೋಗಬೇಕು, ನೋ ಗೋ ತುದಿ ಹೋಗಬಾರದು. ಬೆಳಗ್ಗೆ ಏಳೂವರೆಗೆ ಟ್ರೇಯಿಂದ ಒಂದು ಪೀಸ್ ಎತ್ತಿ, ಬಟ್ಟೆಯಲ್ಲಿ ಕೂಲೆಂಟ್ ಒರೆಸಿ, ನೋ ಗೋ ತುದಿ ಇಟ್ಟೆ. ಒತ್ತಬೇಕಾಗಲೇ ಇಲ್ಲ, ನುಣ್ಣಗೆ ಒಳಗೆ ಇಳಿಯಿತು. ಎರಡನೆಯದೂ ಹಾಗೇ. ಮೂರನೆಯದೂ. ಬೋರ್ ಗೇಜ್ ಹಾಕಿದರೆ 25.03. ರಾತ್ರಿ ಪಾಳಿಯಲ್ಲಿ ಇನ್ಸರ್ಟ್ (ಲೋಹ ಕೊರೆಯುವ ಅಲಗು) ಬದಲಿಸಿದ ಮೇಲೆ ಮೆಷಿನ್‌ಗೆ ಕೊಟ್ಟ ಆಫ್‌ಸೆಟ್, ಅಂದರೆ ಅಳತೆ ಸರಿಹೊಂದಿಸುವ ಅಂಕಿ, ತಪ್ಪಾಗಿತ್ತು. 140 ಪೀಸ್ ಹಾಳಾಗಿ, ಒಳ್ಳೆಯ ಪೀಸ್‌ಗಳ ಜೊತೆ ಬೆರೆತುಹೋಗಿದ್ದವು.

ಆಪರೇಟರ್ ಐಟಿಐ ಮುಗಿಸಿ ತುಮಕೂರು ಕಡೆಯಿಂದ ಬಂದಿದ್ದ ಹುಡುಗ.

'ಯಾವಾಗ ಗೊತ್ತಾಯ್ತಪ್ಪಾ?' ಅಂತ ಕೇಳಿದೆ.

'ಎರಡೂವರೆಗೆ ಮೇಡಂ.'

'ಮತ್ತೆ ಮೆಷಿನ್ ಯಾಕೆ ನಿಲ್ಲಿಸ್ಲಿಲ್ಲ?'

ಅವನು ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ: 'ಹೋದ ವಾರ ಆ ಅಣ್ಣಂಗೆ ಎಲ್ಲರ ಮುಂದೆ ಬೈದ್ರಲ್ಲ ಮೇಡಂ.'

ಹೌದು, ಬೈದಿದ್ದೆ. ಹಿಂದಿನ ವಾರ ಇನ್ನೊಬ್ಬ ಆಪರೇಟರ್ ಎಂಟು ಪೀಸ್ ಕೆಡಿಸಿ, ತಾನಾಗೇ ಬಂದು ಹೇಳಿದ್ದ. ನಾನು ಶಾಪ್ ಮಧ್ಯದಲ್ಲಿ ನಿಂತು ಅವನ ಮರ್ಯಾದೆ ತೆಗೆದಿದ್ದೆ. ಅದನ್ನು ನೋಡಿದ ಈ ಹುಡುಗ ರಾತ್ರಿ ಎರಡೂವರೆಗೆ ಬಾಯಿ ಮುಚ್ಚಿಕೊಂಡ. ನಾನು ಸುಳ್ಳು ಹೇಳಿರಲಿಲ್ಲ, ಆದರೆ ಆ ಸುಳ್ಳಿಗೆ ಜಾಗ ಮಾಡಿಕೊಟ್ಟವಳು ನಾನೇ.

ಅವತ್ತೇ ಹೊಸೂರಿನ ಗ್ರಾಹಕರಿಗೆ ಫೋನ್ ಮಾಡಿ ಮೂರು ದಿನ ತಡ ಆಗುತ್ತೆ, ಕಾರಣ ಇದು ಅಂತ ಹೇಳಿದೆ. ಅವರು ಬೈದರು. ಎರಡು ತಿಂಗಳು ಹೊಸ ಆರ್ಡರ್ ಕೊಡಲಿಲ್ಲ. ಮಾಲೀಕರು ವಾರಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಿದ್ದಕ್ಕೆ ಬೆಲೆ ತೆರಬೇಕಾಯಿತು. ತೆರಬೇಕಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಮೇಲೆ ಎಲ್ಲರನ್ನೂ ಕರೆದು, ಬೈಸಿಕೊಂಡಿದ್ದ ಆಪರೇಟರ್ ಹತ್ತಿರ ಅವರೆದುರೇ ಕ್ಷಮೆ ಕೇಳಿದೆ. ಬೈದದ್ದು ಎಲ್ಲರ ಮುಂದೆ ತಾನೆ?

ಅಂದಿನಿಂದ ಕೆಟ್ಟ ಸುದ್ದಿ ತಂದವರಿಗೆ ನನ್ನ ಮೊದಲ ಮಾತು 'ಹೇಳಿದ್ದು ಒಳ್ಳೇದಾಯ್ತು'. ಎರಡನೆಯದು 'ಈಗ ಎಷ್ಟಾಗಿದೆ?' ಮೂರನೆಯದು 'ಮೊದಲು ಏನು ಮಾಡೋಣ?' ಯಾಕಾಯಿತು ಅನ್ನುವುದು ಮಾರನೆಯ ದಿನಕ್ಕೆ. ಯಾರಿಂದ ಅನ್ನುವ ಪ್ರಶ್ನೆ ಅದಕ್ಕೂ ಆಮೇಲೆ, ಒಬ್ಬರೇ ಇರುವಾಗ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಆದ ತಪ್ಪಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟ ತಪ್ಪಿಗೆ ಇದೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ.

ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲೂ ಇದೇ ಕಥೆ. ನನ್ನ ತಂಗಿ ಔಟರ್ ರಿಂಗ್ ರೋಡ್‌ನ ಒಂದು ಆಫೀಸಲ್ಲಿ ತಂಡ ನಡೆಸುತ್ತಾಳೆ. ಅವಳ ಪ್ರಾಜೆಕ್ಟ್ ರಿಪೋರ್ಟ್ ಕೊನೆಯ ವಾರದವರೆಗೂ ಹಸಿರು, ಆಮೇಲೆ ಒಮ್ಮೆಲೇ ಕೆಂಪು. 'ಎಲ್ಲ ಸರಿ ಇದೆಯಾ?' ಅಂತ ಕೇಳಿದರೆ 'ಇದೆ' ಅನ್ನುವುದೇ ಸುಲಭ. ಅವಳು ಪ್ರಶ್ನೆ ಬದಲಿಸಿದಳು: 'ಈ ವಾರ ಯಾವುದು ಕೈ ಕೊಡಬಹುದು?' ಮೂರು ವಾರ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಅವಳೇ ತನ್ನ ಒಂದು ಎಡವಟ್ಟನ್ನು ಎಲ್ಲರ ಮುಂದೆ ಹೇಳಿಕೊಂಡಳು. ಅವತ್ತು ಇಬ್ಬರು ಮಾತಾಡಿದರು.

ನಮ್ಮ ಹುಡುಗನ ಕಥೆ ಮುಗಿಸಿಬಿಡುತ್ತೇನೆ. ಏಳೆಂಟು ತಿಂಗಳಾದ ಮೇಲೆ ಒಂದು ರಾತ್ರಿ ಮೂರು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. 'ಮೇಡಂ, ಮೂರು ಪೀಸ್ ಹೋಗಿದೆ. ಮೆಷಿನ್ ನಿಲ್ಲಿಸಿದ್ದೀನಿ.' ಅಷ್ಟು ಖುಷಿಯಾಗಿ ನಾನು ಯಾವತ್ತೂ ನಿದ್ದೆಯಿಂದ ಎದ್ದಿರಲಿಲ್ಲ.

5. ತಪ್ಪು ಆದೇಶ ಮೇಲಿನಿಂದ ಬಂದಾಗ

ಇಲ್ಲಿ ಧೈರ್ಯದ ಜೊತೆ ಸರಿಯಾದ ಮಾತೂ ಬೇಕು. ಮಾತು ಮೊದಲೇ ಬಾಯಲ್ಲಿ ಸಿದ್ಧವಾಗಿದ್ದರೆ ಧೈರ್ಯ ತಾನಾಗೇ ಸ್ವಲ್ಪ ಬರುತ್ತದೆ.

ಮೊದಲು, ಕೇಳಿದ್ದನ್ನು ಮೆತ್ತಗೆ ಅವರಿಗೇ ತಿರುಗಿ ಹೇಳಿ. 'ಸಾರ್, ನನಗೆ ಸರಿಯಾಗಿ ಅರ್ಥ ಆಯ್ತಾ ನೋಡ್ತೀನಿ. ಟೆಸ್ಟ್ ಮಾಡದೇ ಇರೋದನ್ನ ಮಾಡಿದ್ದೀವಿ ಅಂತ ಬರೀಬೇಕು, ಅಲ್ವಾ?' ಎಷ್ಟೋ ಸಲ ಅವರು ಅಲ್ಲೇ ಹಿಂದೆ ಸರಿಯುತ್ತಾರೆ. ಒತ್ತಡದಲ್ಲಿ ಬಾಯಿಗೆ ಬಂದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಹೇಗಿದೆ ಅಂತ ಗೊತ್ತಾಗುತ್ತದೆ.

ಸರಿಯದಿದ್ದರೆ, ಇಲ್ಲ ಅನ್ನುವುದರ ಜೊತೆಗೇ ಇನ್ನೊಂದು ದಾರಿ ಕೊಡಿ. 'ಇದಕ್ಕೆ ಸಹಿ ಹಾಕೋಕೆ ಆಗಲ್ಲ ಸಾರ್. ಆದ್ರೆ 60 ಪೀಸ್ ಸರಿ ಇದೆ, ಈಗಲೇ ಕಳಿಸ್ತೀನಿ. ಉಳಿದಿದ್ದಕ್ಕೆ ಗ್ರಾಹಕರ ಹತ್ರ ನಾನೇ ಮಾತಾಡ್ತೀನಿ.' ನಮ್ಮ ಕಡೆ ಡೀವಿಯೇಷನ್ ಅಂತ ಒಂದು ಪದ್ಧತಿ ಇದೆ. ಅಳತೆ ಇಷ್ಟು ತಪ್ಪಿದೆ, ನಡೆಯುತ್ತದೆಯೇ ಅಂತ ಗ್ರಾಹಕರನ್ನು ಬರಹದಲ್ಲಿ ಕೇಳುವುದು. ಕೆಲವು ಸಲ ಅವರೇ 'ಆ ಜಾಗದಲ್ಲಿ ಪರವಾಗಿಲ್ಲ, ಕಳಿಸಿ' ಅನ್ನುತ್ತಾರೆ. ಸುಳ್ಳು ರಿಪೋರ್ಟ್‌ನಿಂದ ಕದ್ದು ಕಳಿಸಬೇಕೆಂದಿದ್ದ ಮಾಲು ಒಪ್ಪಿಗೆ ಪಡೆದೇ ಹೋಗುತ್ತದೆ. ನಿಮ್ಮ ಕ್ಷೇತ್ರದಲ್ಲೂ ಇಂಥದ್ದೊಂದು ನೇರ ದಾರಿ ಇದ್ದೇ ಇರುತ್ತದೆ. ಹುಡುಕಿ ಇಟ್ಟುಕೊಳ್ಳಿ.

ಮೂರನೆಯದು, ಅವತ್ತು ಸಂಜೆಯೇ ಒಂದು ಸಣ್ಣ ಮೇಲ್. 'ಇಂದು ಮಾತಾಡಿದ ಹಾಗೆ, ಲಾಟ್‌ನಲ್ಲಿ ಇಷ್ಟು ಪೀಸ್ ಅಳತೆ ತಪ್ಪಿದೆ. ಹಾಗಾಗಿ ರಿಪೋರ್ಟ್‌ಗೆ ಸಹಿ ಹಾಕಿಲ್ಲ. ಗ್ರಾಹಕರ ಒಪ್ಪಿಗೆಗೆ ಕಾಯುತ್ತಿದ್ದೇನೆ.' ಆರೋಪ ಬೇಡ, ವಿಶೇಷಣ ಬೇಡ. ಕಂಪನಿಯ ಕಾಗದಪತ್ರಗಳನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದು ನಿಮ್ಮ ಮೇಲೇ ತಿರುಗಬಹುದು. ದಿನಾಂಕ, ಹೊತ್ತು, ಯಾರು ಏನು ಹೇಳಿದರು ಅನ್ನುವುದನ್ನು ಡೈರಿಯಲ್ಲಿ ಬರೆದಿಡಿ.

'ಈ ಒಂದು ಕ್ವಾರ್ಟರ್ ಮಾತ್ರ' ಅನ್ನುವ ಮಾತಿಗೆ ಹುಷಾರು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಹಣ ಇರಲೇ ಇಲ್ಲ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಸಣ್ಣ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು ಅಂತ ಆ ಪತ್ರದಲ್ಲೇ ಇತ್ತು. ಅಷ್ಟು ದೊಡ್ಡ ಗುಂಡಿಯೂ ಮೊದಲು ಒಂದು 'ಅಡ್ಜಸ್ಟ್' ಆಗಿತ್ತು.

6. ದೂರು ಕೊಡಬೇಕಾದರೆ ಒಬ್ಬರೇ ಹೋಗಬೇಡಿ

ಮಂಜುನಾಥ್ ಷಣ್ಮುಗಂ ನಮ್ಮ ಕೋಲಾರ ಚಿನ್ನದ ಗಣಿ ಕಡೆಯ ಹುಡುಗ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ, ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕ್ ಮೇಲೆ ಕ್ರಮ ತೆಗೆದುಕೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ 27 ವರ್ಷ. ಹೆದರಿಸಲು ಇದನ್ನು ಹೇಳುತ್ತಿಲ್ಲ. ನೇರವಾಗಿರುವವರನ್ನು ಕಾಪಾಡುವುದು ಅವರ ಜೊತೆಗಿರುವ ನಮ್ಮೆಲ್ಲರ ಕೆಲಸ. ನಿಮ್ಮ ತಂಡದಲ್ಲಿ ಯಾರಾದರೂ ಇಂಥ ಜಾಗಕ್ಕೆ ಹೋಗುವುದಿದ್ದರೆ ಒಂಟಿಯಾಗಿ ಕಳಿಸಬೇಡಿ. ದೂರಿನಲ್ಲಿ ಅವರ ಹೆಸರೊಂದೇ ಇರದ ಹಾಗೆ ನೋಡಿಕೊಳ್ಳಿ.

ಕಾನೂನಿನಲ್ಲಿ ಇಷ್ಟು ಗೊತ್ತಿರಲಿ. 2013ರ ಕಂಪನಿಗಳ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು ನೌಕರರು ದೂರು ಕೊಡುವ ವ್ಯವಸ್ಥೆ ಇಡಲೇಬೇಕು, ದೂರು ಕೊಟ್ಟವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಬೇಕು. ನಿಮ್ಮ ಕಂಪನಿಯ ಪಾಲಿಸಿ ಎಲ್ಲಿದೆ, ದೂರು ಯಾರಿಗೆ ಹೋಗುತ್ತದೆ ಅಂತ ಇವತ್ತೇ ಓದಿ. ಸಿಟ್ಟಿನಲ್ಲಿರುವಾಗ ಓದಲು ಆಗುವುದಿಲ್ಲ.

ಲೈಂಗಿಕ ಕಿರುಕುಳದ ದೂರು ಬೇರೆ ವಿಷಯ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ತಂಡದ ಹುಡುಗಿಯೊಬ್ಬಳು ನಿಮ್ಮ ಹತ್ತಿರ ಬಂದು ಹೇಳಿಕೊಂಡರೆ ನೀವೇ ಪಂಚಾಯ್ತಿ ಮಾಡಲು ಹೋಗಬೇಡಿ. 'ಅವನ ಜೊತೆ ಮಾತಾಡ್ತೀನಿ, ಬಿಡಮ್ಮಾ' ಅನ್ನಬೇಡಿ. ಪೂರ್ತಿ ಕೇಳಿ, ಸಮಿತಿಯಲ್ಲಿ ಯಾರಿದ್ದಾರೆ, ಗಡುವು ಎಷ್ಟು ಅಂತ ಹೇಳಿ, ಬೇರೆಯವರ ಕಿವಿಗೆ ಹಾಕಬೇಡಿ.

ಸಣ್ಣ ಉದ್ಯಮದವರಿಗೆ ಲಂಚದ ಕಾಟ ಗೊತ್ತೇ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಡಬೇಕಾಗಿ ಬಂದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಕರ್ನಾಟಕದಲ್ಲಿ ಅಂದರೆ ಲೋಕಾಯುಕ್ತ ಪೊಲೀಸರು. ನಿಮ್ಮ ಕೈಕೆಳಗಿನ ಹುಡುಗನ ಕೈಗೆ ಕವರ್ ಕೊಟ್ಟು 'ಹೋಗಿ ಕೊಟ್ಟು ಬಾ' ಅಂತ ಮಾತ್ರ ಯಾವತ್ತೂ ಕಳಿಸಬೇಡಿ. ಸಿಕ್ಕಿಬೀಳುವವನು ಅವನು.

7. 'ನಮ್ಮವರು' ಅನ್ನುವ ಆಸೆ

ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ಕನ್ನಡ ಮಾತಾಡಿದರೆ ನಮಗೆ ಖುಷಿ ಆಗುತ್ತದೆ. ತಪ್ಪೇನಿಲ್ಲ. ಆಮೇಲೆ 'ಯಾವ ಕಡೆಯವರು? ನಿಮ್ಮ ಮನೆತನ?' ಅಂತ ಶುರುವಾಗುತ್ತದೆ. ಎರಡನೇ ಪ್ರಶ್ನೆ ಯಾವುದಕ್ಕೆ ಅಂತ ಕೇಳುವವರಿಗೂ ಗೊತ್ತು, ಉತ್ತರ ಹೇಳುವವರಿಗೂ ಗೊತ್ತು. ಜಾತಿ ತಿಳಿಯುವ ಪ್ರಶ್ನೆ ಯಾವುದನ್ನೂ ಕೇಳಬೇಡಿ, ಪಕ್ಕದಲ್ಲಿ ಕೂತವರು ಕೇಳಿದರೆ ಅಲ್ಲೇ ಮಾತು ತಿರುಗಿಸಿ. ಎಲ್ಲರಿಗೂ ಒಂದೇ ಪ್ರಶ್ನೆ ಬರೆದಿಟ್ಟುಕೊಂಡು, ಬೇರೆಯವರ ಹತ್ತಿರ ಚರ್ಚಿಸುವ ಮೊದಲೇ ನಿಮ್ಮ ಅಂಕ ಬರೆದುಬಿಡಿ. ಅಪ್ರೈಸಲ್‌ಗೂ ಅಷ್ಟೇ. ವರ್ಷವಿಡೀ ತಿಂಗಳಿಗೆ ಎರಡು ಸಾಲು ಬರೆದಿಟ್ಟರೆ, ಕೊನೆಯ ತಿಂಗಳಲ್ಲಿ ಮುಖ ತೋರಿಸಿದವರೇ ಮೇಲೆ ಬರುವುದು ತಪ್ಪುತ್ತದೆ.

ಮತ್ತೆ, ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವರಿಗೆ ಕುರ್ಚಿ ಇದೆಯಾ ನೋಡಿ. ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಊಟ ಮಾಡಲು ಜಾಗ ಎಲ್ಲಿ? ಅವರು ಕಂಟ್ರ್ಯಾಕ್ಟರ್ ಕಡೆಯವರು ಅನ್ನುವುದು ಉತ್ತರವಲ್ಲ.

8. ಇಲ್ಲ ಅನ್ನಲು ಬೇಕಾದ ದುಡ್ಡು

ಪ್ರಾಮಾಣಿಕತೆ ಬಗ್ಗೆ ಮಾತಾಡುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮನೆ ಸಾಲದ ಇಎಂಐ, ಸ್ಕೂಲ್ ಫೀಸು, ಅಪ್ಪ ಅಮ್ಮನ ಔಷಧಿ ಇಟ್ಟುಕೊಂಡು, ಮುಂದಿನ ಸಂಬಳ ತಪ್ಪಿದರೆ ಗತಿಯಿಲ್ಲ ಅನ್ನುವವರು 'ಸಹಿ ಹಾಕಲ್ಲ' ಅನ್ನುವುದು ಬಹಳ ಕಷ್ಟ. ಅವರನ್ನು ನಾನು ದೂರುವುದಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಆಗ ಹಾಕಿದ ಎರಡು ಸಹಿ ಈಗಲೂ ನೆನಪಿದೆ.

ಆರು ತಿಂಗಳ ಮನೆ ಖರ್ಚು, ಇಎಂಐ ಸೇರಿಸಿ, ಬೇಕೆಂದಾಗ ಸಿಗುವ ಹಾಗೆ ಒಂದು ಎಫ್‌ಡಿಯಲ್ಲಿ ಇಡಿ. ಒಂದೇ ಸಲ ಆಗುವುದಿಲ್ಲ. ನನಗೆ ಮೂರು ವರ್ಷ ಹಿಡಿಯಿತು. ಆಫೀಸಿನ ಇನ್ಶೂರೆನ್ಸ್ ಬಿಟ್ಟು ಮನೆಯವರಿಗೆಲ್ಲ ಬೇರೆ ಆರೋಗ್ಯ ವಿಮೆ ಮಾಡಿಸಿ. ನಿಮ್ಮ ನೋಟ್‌ಬುಕ್‌ನ ನಾಲ್ಕು ಸಾಲನ್ನು ಮನೆಯವರಿಗೂ ತೋರಿಸಿ. ಕೆಲಸ ಹೋದರೆ ಕಷ್ಟಪಡುವವರು ಅವರೂ ಅಲ್ವಾ?

9. ಬಿಡುವ ಹೊತ್ತು ಬಂದರೆ

ಒಂದು ಸಲ ತಪ್ಪು ಕೆಲಸ ಹೇಳಿದರು ಅಂತ ಬಿಡಬೇಕಿಲ್ಲ. ಬರಹದಲ್ಲಿ ಹೇಳಿ, ದೂರು ಕೊಟ್ಟು, ಆಮೇಲೂ ಅದೇ ನಡೆಯುತ್ತಿದ್ದರೆ, ನಿಮ್ಮ ತಂಡದವರು ನಿಮ್ಮ ಕಾಲದಲ್ಲೂ ಸುಳ್ಳು ಬರೆಯಲೇಬೇಕಾಗಿದ್ದರೆ, ಆಗ ಹುಡುಕಲು ಶುರು ಮಾಡಿ. ಹೊಸ ಕಡೆ ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: 'ಕೊನೆಯ ಸಲ ನೀವು ಡಿಸ್ಪ್ಯಾಚ್ ನಿಲ್ಲಿಸಿದ್ದು ಯಾವಾಗ, ಯಾಕೆ?' ಸಾಫ್ಟ್‌ವೇರ್‌ನವರು ರಿಲೀಸ್ ಅಂತ ಕೇಳಿ. ಒಂದೂ ಉದಾಹರಣೆ ನೆನಪಾಗದ ಜಾಗಕ್ಕೆ ಹೋಗುವ ಮೊದಲು ಇನ್ನೊಮ್ಮೆ ಯೋಚಿಸಿ.

ನೋಟಿಸ್ ಪೀರಿಯಡ್ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ತೆಗೆದುಕೊಳ್ಳಿ. ಹ್ಯಾಂಡೋವರ್ ನೋಟ್‌ನಲ್ಲಿ ಮುಗಿದ ಕೆಲಸಕ್ಕಿಂತ ಬಾಕಿ ಇರುವ ತೊಂದರೆಗಳನ್ನು ಮೊದಲು ಬರೆಯಿರಿ. ಯಾವ ಗೇಜ್‌ನ ಕ್ಯಾಲಿಬ್ರೇಷನ್ (ಅದರ ಅಳತೆ ಸರಿ ಇದೆಯಾ ಅನ್ನುವ ಪರೀಕ್ಷೆ) ಬಾಕಿ ಇದೆ, ಯಾವ ಗ್ರಾಹಕರಿಗೆ ಏನು ಮಾತು ಕೊಟ್ಟಿದ್ದೇವೆ, ಯಾವ ರಿಪೋರ್ಟ್‌ಗೆ ನೀವು ಸಹಿ ಹಾಕಿಲ್ಲ. ನಿಮ್ಮ ಕುರ್ಚಿಗೆ ಬರುವವರು ಮೊದಲ ದಿನವೇ ಅದನ್ನು ಓದುವ ಹಾಗೆ ಮೇಜಿನ ಮೇಲೆ ಒಂದು ಪ್ರಿಂಟ್ ಇಟ್ಟು ಬನ್ನಿ.